ಅಬ್ಲೇಶನ್ ಆದ ಮೇಲೆ ಎಎಫ್ ಮರಳುತ್ತದೋ ಇಲ್ಲವೋ, ರಕ್ತ ಪರೀಕ್ಷೆ ಹೇಳಬಲ್ಲದೇ?

ಕೊಂಡಜ್ಜಿ ಕೆರೆ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 63. ಬಂದು ಹೋಗುವ ತರಹದ ಏಟ್ರಿಯಲ್ ಫಿಬ್ರಿಲೇಶನ್ (ಎಎಫ್, ಹೃದಯದ ಬಡಿತ ಲಯ ತಪ್ಪುವ ಕಾಯಿಲೆ) ಇತ್ತು, ಮಾತ್ರೆಗೆ ಬಗ್ಗಲಿಲ್ಲ. ಈ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಅಬ್ಲೇಶನ್ ಮಾಡಿಸಿದೆವು, ಅಂದರೆ ಹೃದಯದೊಳಗೆ ತಂತಿ ಹಾಕಿ ಲಯ ಕೆಡಿಸುವ ಜಾಗ ಸುಡುವುದು. ಈಗ ಮನೆಯಲ್ಲಿದ್ದಾರೆ, ಓಡಾಡಿಕೊಂಡಿದ್ದಾರೆ.

ತಲೆನೋವು ಶುರುವಾಗಿದ್ದು ಅಣ್ಣನಿಂದ. ರಕ್ತದಲ್ಲಿ ಕೆಲವು ಬಯೋಮಾರ್ಕರ್ (ಕಾಯಿಲೆಯ ಗುರುತು) ನೋಡಿದರೆ ಎಎಫ್ ಮತ್ತೆ ಬರುತ್ತದೋ ಇಲ್ಲವೋ ಮುಂಚೆಯೇ ಗೊತ್ತಾಗುತ್ತದೆ ಅಂತ ಯಾವುದೋ ಲೇಖನ ವಾಟ್ಸಾಪ್‌ನಲ್ಲಿ ಕಳಿಸಿದ. ಅದನ್ನು ಓದಿದ ಮೇಲೆ ಅಮ್ಮನಿಗೆ ನಿದ್ದೆ ಇಲ್ಲ. ಊರಿನ ಲ್ಯಾಬ್‌ನಲ್ಲಿ ವಿಚಾರಿಸಿದರೆ ಪ್ಯಾಕೇಜ್ ಇದೆಯಂತೆ: ಎನ್‌ಟಿ-ಪ್ರೊಬಿಎನ್‌ಪಿ, ಸಿಆರ್‌ಪಿ, ಟ್ರೋಪೋನಿನ್, ಗ್ಯಾಲೆಕ್ಟಿನ್-3. ದುಡ್ಡೇನೂ ಕಮ್ಮಿಯಿಲ್ಲ. ಅಬ್ಲೇಶನ್‌ಗೆ ಮೊದಲು ಮಾಡಿಸಿದಾಗ ಎನ್‌ಟಿ-ಪ್ರೊಬಿಎನ್‌ಪಿ 640 ಇತ್ತು, ರಿಪೋರ್ಟ್‌ನಲ್ಲಿ ಅದನ್ನು ದಪ್ಪಕ್ಷರದಲ್ಲಿ ಹಾಕಿ ಪಕ್ಕಕ್ಕೆ ‘125ಕ್ಕಿಂತ ಕಡಿಮೆ ಇರಬೇಕು’ ಅಂತ ಬರೆದಿದ್ದರು.

ನನ್ನ ಪ್ರಶ್ನೆ ಇಷ್ಟೇ. ಈ ಪರೀಕ್ಷೆಗಳು ನಿಜಕ್ಕೂ ಏನಾದರೂ ಹೇಳುತ್ತವಾ? ಹೇಳುವುದಾದರೆ ಯಾವುದನ್ನು, ಯಾವಾಗ ಮಾಡಿಸಬೇಕು?

ಗದಗಿನ ಗಾಳಿ

ಅಕ್ಕಾರ, ನಂದೂ ಅಬ್ಲೇಶನ್ ಆಗೇತ್ರಿ. ಆಪರೇಶನ್ ಮುಂದ ರಕ್ತದ ರಿಪೋರ್ಟ್ ಎಲ್ಲಾ ಚಲೋ ಇತ್ತು, ಬಿಎನ್‌ಪಿನೂ ಕಮ್ಮಿನ ಇತ್ತು. ಡಾಕ್ಟರ್ ಭಾಳ ಖುಷಿಯಿಂದ ‘ನಿಮಗ ಮತ್ತ ಬರೂದಿಲ್ಲ’ ಅಂದ್ರು. ವರ್ಷ ತುಂಬೂದ್ರಾಗ ಬಂತು! ಎರಡನೇ ಸಲ ಮಾಡಿಸ್ಕೊಂಡೆ, ಈಗ ಆರಾಮ ಅದೀನಿ. ಹಿಂಗಾಗಿ ರಕ್ತ ಕೊಟ್ಟು ಭವಿಷ್ಯ ಕೇಳೂದು ಬ್ಯಾಡ ಅಂತೀನಿ ನಾ.

ಕ್ಯಾಥ್‌ಲ್ಯಾಬ್ ಕಿಟಕಿ

ನಾನು ಹೃದಯದ ಲಯ ಸಂಬಂಧಿ ಚಿಕಿತ್ಸೆಯ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯ. ನಿಮ್ಮ ತಾಯಿಯ ಫೈಲ್ ನೋಡದೆ ಅವರ ಬಗ್ಗೆ ಸಲಹೆ ಕೊಡುವುದಿಲ್ಲ. ಆದರೆ ಗದಗಿನವರಿಗೆ ಆದದ್ದು ಯಾಕೆ ಆಯಿತು ಅನ್ನುವುದರಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ.

1998ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಮಿಶೆಲ್ ಹೈಸಗೇರ್ ಅವರ ತಂಡ 45 ರೋಗಿಗಳ ಹೃದಯದೊಳಗೆ ತಂತಿ ಇಟ್ಟು, ಎಎಫ್ ಶುರು ಮಾಡುವ ಅಡ್ಡ ಬಡಿತ ಎಲ್ಲಿಂದ ಬರುತ್ತದೆ ಅಂತ ಹುಡುಕಿತು. ಸಿಕ್ಕ 69 ಜಾಗಗಳಲ್ಲಿ 94% ಶ್ವಾಸಕೋಶದಿಂದ ಎಡ ಮೇಲ್ಕೋಣೆಗೆ ರಕ್ತ ತರುವ ಪಲ್ಮನರಿ ರಕ್ತನಾಳಗಳ ಒಳಗಿದ್ದವು. ಇವತ್ತಿನ ಅಬ್ಲೇಶನ್ ನಿಂತಿರುವುದೇ ಇದರ ಮೇಲೆ. ಆ ನಾಳಗಳ ಬಾಯಿಯ ಸುತ್ತ ಬಿಸಿಯಿಂದಲೋ ಚಳಿಯಿಂದಲೋ ಈಗೀಗ ವಿದ್ಯುತ್ ಮಿಡಿತದಿಂದಲೋ ಸುಟ್ಟು, ಒಳಗಿನ ಅಡ್ಡ ಬಡಿತ ಹೊರಗೆ ಬಾರದಂತೆ ಒಂದು ಗೆರೆ ಹಾಕುತ್ತೇವೆ.

ಹಾಗಾದರೆ ಮರಳುವುದು ಯಾಕೆ? ಮುಖ್ಯವಾಗಿ ಎರಡು ದಾರಿ.

ಒಂದು, ಗೆರೆಯಲ್ಲೇ ಸಂದು ಉಳಿಯುವುದು. ಗದ್ದೆಯ ಬದು ನೋಡಲು ಗಟ್ಟಿಯಾಗಿದ್ದರೂ ಒಂದು ಏಡಿ ಬಿಲ ಇದ್ದರೆ ರಾತ್ರಿ ಬೆಳಗಾಗುವುದರಲ್ಲಿ ನೀರು ಖಾಲಿ. ಇಲ್ಲೂ ಅಷ್ಟೇ. ಸುಟ್ಟ ದಿನ ಊದಿಕೊಂಡಿದ್ದ ಸ್ನಾಯು ತಿಂಗಳೊಪ್ಪತ್ತಿನಲ್ಲಿ ಚೇತರಿಸಿಕೊಂಡು ಆ ಸಂದಿಯಿಂದ ಮತ್ತೆ ವಿದ್ಯುತ್ ಹರಿಸತೊಡಗುತ್ತದೆ. ಎರಡನೇ ಅಬ್ಲೇಶನ್‌ಗೆ ಬಂದವರಲ್ಲಿ ಬಹಳ ಜನರಿಗೆ ನಮಗೆ ಸಿಗುವುದು ಇದೇ.

ಇನ್ನೊಂದು, ಮೇಲ್ಕೋಣೆಯೇ ಕೆಟ್ಟಿರುವುದು. ವರ್ಷಗಟ್ಟಲೆ ರಕ್ತದೊತ್ತಡ, ತೂಕ, ಗೊರಕೆ ಕಾಯಿಲೆ, ಅಥವಾ ಎಎಫ್‌ನಿಂದಲೇ ಕೋಣೆ ಹಿಗ್ಗಿ, ಸ್ನಾಯುಗಳ ನಡುವೆ ನಾರು ತುಂಬಿಕೊಂಡಿರುತ್ತದೆ. ಆಗ ನಾಳಗಳನ್ನು ಎಷ್ಟೇ ಚೆನ್ನಾಗಿ ಬೇರ್ಪಡಿಸಿದರೂ ಕೋಣೆಯ ಗೋಡೆಯೇ ಎಎಫ್ ನಡೆಸಿಕೊಂಡು ಹೋಗುತ್ತದೆ.

ರಕ್ತದ ಬಯೋಮಾರ್ಕರ್ ಏನಾದರೂ ಹೇಳುವುದಿದ್ದರೆ ಈ ಎರಡನೆಯದರ ಬಗ್ಗೆ ಮಾತ್ರ. ಗೆರೆಯಲ್ಲಿ ಸಂದು ಉಳಿದಿದೆಯೇ ಅನ್ನುವುದು ಅಬ್ಲೇಶನ್‌ಗೆ ಮೊದಲು ತೆಗೆದ ರಕ್ತಕ್ಕೆ ಹೇಗೆ ಗೊತ್ತಿರಬೇಕು? ಗದಗಿನವರ ಬಿಎನ್‌ಪಿ ಸುಳ್ಳು ಹೇಳಿರಲಿಕ್ಕಿಲ್ಲ. ಕೋಣೆ ಚೆನ್ನಾಗಿತ್ತು, ಗೆರೆಯಲ್ಲಿ ಸಂದು ಇತ್ತು, ಅದನ್ನು ಮುಚ್ಚಿದ ಮೇಲೆ ಸರಿಹೋಯಿತು ಅಂತ ನನ್ನ ಊಹೆ.

ಗದಗಿನ ಗಾಳಿ

ಎರಡನೇ ಸಲ ಡಾಕ್ಟರ್ ಇದನ್ನ ಹೇಳಿದ್ರು ನೋಡ್ರಿ, ‘ಬಲಗಡೆ ಮ್ಯಾಲಿನ ನಾಳ ಮತ್ತ ಕೂಡಿತ್ತು’ ಅಂತ. ಅದು ಏನಂತ ನನಗ ಆವಾಗ ತಿಳಿದಿರ್ಲಿಲ್ಲ.

ಕಡಲ ಬದಿ ಲ್ಯಾಬು

ನಾನು ಮಂಗಳೂರಲ್ಲಿ ಬಯೋಕೆಮಿಸ್ಟ್ರಿ ನೋಡುವವ. ಆ 640ರ ಬಗ್ಗೆ ಸ್ವಲ್ಪ ಹೇಳ್ಬೇಕು ಮಾರಾಯ್ರೆ, ಯಾಕಂದ್ರೆ ದಪ್ಪಕ್ಷರ ನೋಡಿ ಹೆದರಿ ಫೋನ್ ಮಾಡುವವರು ನಮಗೆ ದಿನಾ ಉಂಟು.

ಹೃದಯದ ಗೋಡೆ ಎಳೆತಕ್ಕೆ ಸಿಕ್ಕಾಗ ಸ್ನಾಯು ಕೋಶಗಳು ಒಂದು ದೊಡ್ಡ ಪ್ರೋಟೀನ್ ಮಾಡಿ ಎರಡು ತುಂಡು ಮಾಡ್ತವೆ. ಒಂದು ತುಂಡು ಬಿಎನ್‌ಪಿ, ಕೆಲಸ ಮಾಡುವ ಹಾರ್ಮೋನು. ಸುಮಾರು 20 ನಿಮಿಷದಲ್ಲಿ ಅರ್ಧ ಆಗ್ತದೆ. ಇನ್ನೊಂದು ಎನ್‌ಟಿ-ಪ್ರೊಬಿಎನ್‌ಪಿ, ಇದಕ್ಕೆ ಕೆಲಸ ಇಲ್ಲ, ಆದ್ರೆ ರಕ್ತದಲ್ಲಿ ಒಂದೆರಡು ಗಂಟೆಯ ಅರ್ಧಾಯುಷ್ಯ ಇರುವ ಕಾರಣ ಅಳೆಯಲಿಕ್ಕೆ ಸಲೀಸು. ಎರಡರ ಸಂಖ್ಯೆಯನ್ನು ಹೋಲಿಸಲಿಕ್ಕೇ ಆಗುವುದಿಲ್ಲ. ಒಂದು ಲ್ಯಾಬ್‌ನಲ್ಲಿ ಬಿಎನ್‌ಪಿ, ಇನ್ನೊಂದರಲ್ಲಿ ಎನ್‌ಟಿ-ಪ್ರೊಬಿಎನ್‌ಪಿ ಮಾಡಿಸಿ ‘ಐದು ಪಟ್ಟು ಜಾಸ್ತಿ ಆಯ್ತು’ ಅಂತ ಗಾಬರಿ ಬಿದ್ದವರನ್ನು ಕಂಡಿದ್ದೇನೆ.

125 ಅನ್ನುವ ಗೆರೆ ಇರುವುದು ಹೃದಯ ವೈಫಲ್ಯ ಇಲ್ಲ ಅಂತ ಹೇಳಲಿಕ್ಕೆ. ಎಎಫ್ ಮರಳುವುದಕ್ಕೂ ಆ ಗೆರೆಗೂ ಸಂಬಂಧ ಇಲ್ಲ. ಎಎಫ್ ಇರುವವರಲ್ಲಿ ಹೃದಯ ವೈಫಲ್ಯ ಇಲ್ಲದಿದ್ರೂ ಇದು ಏರಿಯೇ ಇರ್ತದೆ. ರಕ್ತ ತೆಗೆಯುವಾಗ ಎಎಫ್ ನಡೀತಾ ಇದ್ರೆ ಇನ್ನೂ ಜಾಸ್ತಿ, ಲಯ ಸರಿಯಾದ ಮೇಲೆ ಇಳೀತದೆ. ಒಂದೇ ಮನುಷ್ಯ, ಒಂದೇ ವಾರ, ಎರಡು ಸಂಖ್ಯೆ. ವಯಸ್ಸಾದ ಹಾಗೆ ಏರ್ತದೆ, ಕಿಡ್ನಿ ಸುಸ್ತಾದ್ರೆ ಏರ್ತದೆ. ತೂಕ ಜಾಸ್ತಿ ಇರುವವರಲ್ಲಿ ಉಲ್ಟಾ, ಹೃದಯಕ್ಕೆ ಕಷ್ಟ ಇದ್ರೂ ಸಂಖ್ಯೆ ಕಮ್ಮಿ ಕಾಣ್ತದೆ. ಹಾಗಾಗಿ ಕೊಂಡಜ್ಜಿಯವರೇ, ರಕ್ತ ತೆಗೆದ ಹೊತ್ತಿಗೆ ಅಮ್ಮನ ಇಸಿಜಿಯಲ್ಲಿ ಎಂತ ಇತ್ತು ಅಂತ ಮೊದಲು ನೋಡಿ.

ಇನ್ನೊಂದು ಸಣ್ಣ ಸಂಗತಿ. ಕೂದಲು ಉದುರುವುದಕ್ಕೆ ಅಂತ ಬಯೋಟಿನ್ ಮಾತ್ರೆ ನುಂಗುವವರು ಈಗ ಸುಮಾರು ಜನ. ಕೆಲವು ಯಂತ್ರಗಳಲ್ಲಿ ಜಾಸ್ತಿ ಬಯೋಟಿನ್ ಇದ್ರೆ ಟ್ರೋಪೋನಿನ್, ಎನ್‌ಟಿ-ಪ್ರೊಬಿಎನ್‌ಪಿ ಸುಳ್ಳೇ ಕಮ್ಮಿ ಬರ್ತದೆ. ರಕ್ತ ಕೊಡುವ ಮೊದಲು ಹೇಳಿ.

ಸಿಆರ್‌ಪಿ ಅಂದ್ರೆ ಉರಿಯೂತದ ಗುರುತು, ಅದರ ಬಗ್ಗೆ ಎಂತ ಹೇಳುವುದು! ಹಲ್ಲು ನೋವಿದ್ರೂ ಏರ್ತದೆ, ಮಳೆಗಾಲದ ಜ್ವರಕ್ಕೂ ಏರ್ತದೆ. ಅಬ್ಲೇಶನ್ ಆದ ಎರಡು ಮೂರು ದಿನ ಏರಲೇಬೇಕು, ಟ್ರೋಪೋನಿನ್ ಕೂಡ, ಸ್ನಾಯು ಸುಟ್ಟದ್ದಲ್ವಾ. ಗ್ಯಾಲೆಕ್ಟಿನ್-3 ನಾರು ಬೆಳೆಯುವುದರ ಗುರುತು ಹೌದು, ಆದ್ರೆ ಲಿವರ್, ಕಿಡ್ನಿಯಲ್ಲಿ ನಾರು ಬೆಳೆದ್ರೂ ಏರ್ತದೆ. ಮುಂಗೈಯಿಂದ ತೆಗೆದ ರಕ್ತಕ್ಕೆ ಅದು ಯಾವ ಅಂಗದ್ದು ಅಂತ ಗೊತ್ತಿಲ್ಲ.

ಸರಾಸರಿ ರಾಯ

ಅಂಕಿಸಂಖ್ಯೆ ನನ್ನ ಹೊಟ್ಟೆಪಾಡು, ವೈದ್ಯ ಅಲ್ಲ. ಅಣ್ಣ ಕಳಿಸಿದ ಲೇಖನ ಸುಳ್ಳು ಅಂತ ಯಾರೂ ತಿಳಿಯಬೇಡಿ. ಎಎಫ್ ಮರಳಿದವರ ಗುಂಪಿನಲ್ಲಿ ಎನ್‌ಟಿ-ಪ್ರೊಬಿಎನ್‌ಪಿಯ ಸರಾಸರಿ ಮರಳದವರ ಗುಂಪಿಗಿಂತ ಹೆಚ್ಚಿರುತ್ತದೆ ಅಂತ ಸಾಕಷ್ಟು ಅಧ್ಯಯನಗಳು ತೋರಿಸಿವೆ. ತೊಡಕು ಇರುವುದು ಸರಾಸರಿಯಿಂದ ನಿಮ್ಮ ಅಮ್ಮನತ್ತ ಬರುವಾಗ. ಎರಡು ಗುಂಪಿನ ಸಂಖ್ಯೆಗಳು ಒಂದರ ಮೇಲೊಂದು ಹರಡಿಕೊಂಡಿರುತ್ತವೆ.

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಅಬ್ಲೇಶನ್ ಆದ 100 ಜನ, ಅವರಲ್ಲಿ 30 ಜನಕ್ಕೆ ಮರಳುತ್ತದೆ ಅಂತಿಟ್ಟುಕೊಳ್ಳಿ. ಪರೀಕ್ಷೆ ಮರಳುವವರಲ್ಲಿ 70% ಜನರನ್ನು ಹಿಡಿಯುತ್ತದೆ, ಮರಳದವರಲ್ಲಿ 70% ಜನರಿಗೆ ‘ಪಾಸ್’ ಅನ್ನುತ್ತದೆ. ಎಎಫ್ ಮರಳುವ ವಿಷಯದಲ್ಲಿ ಇಷ್ಟು ಸಿಕ್ಕರೆ ಕೆಟ್ಟದ್ದೇನಲ್ಲ. ಆಗ 30ರಲ್ಲಿ 21 ಜನ ಸಿಕ್ಕಿಬೀಳುತ್ತಾರೆ. ಉಳಿದ 70ರಲ್ಲೂ 21 ಜನ ಸುಮ್ಮಸುಮ್ಮನೆ ಸಿಕ್ಕಿಬೀಳುತ್ತಾರೆ. ಅಂದರೆ ‘ಮರಳುತ್ತದೆ’ ಅಂತ ಚೀಟಿ ಬಂದ 42 ಜನರಲ್ಲಿ ಅರ್ಧಕ್ಕರ್ಧ ಜನಕ್ಕೆ ಮರಳುವುದೇ ಇಲ್ಲ. ‘ಮರಳುವುದಿಲ್ಲ’ ಅಂತ ಬಂದ 58 ಜನರಲ್ಲಿ 9 ಜನಕ್ಕೆ ಮರಳುತ್ತದೆ.

30% ಇದ್ದ ಅಂದಾಜು ಒಬ್ಬರಿಗೆ 50% ಆಯಿತು, ಇನ್ನೊಬ್ಬರಿಗೆ 15% ಆಸುಪಾಸು. ಸಂಶೋಧನೆ ಮಾಡುವವನಿಗೆ ಇದು ಚಿನ್ನ. ರಾತ್ರಿ ನಿದ್ದೆ ಬರದೆ ಮಲಗಿರುವ ಅಮ್ಮನಿಗೆ?

ಕ್ಯಾಥ್‌ಲ್ಯಾಬ್ ಕಿಟಕಿ

ರಾಯರ ಲೆಕ್ಕಕ್ಕೆ ಇನ್ನೊಂದು ತೊಡಕು ಸೇರಿಸುತ್ತೇನೆ. ‘ಮರಳುವುದು’ ಅಂದರೆ ಏನು ಅನ್ನುವುದರಲ್ಲೇ ಗಲಾಟೆ ಇದೆ. ಅಧ್ಯಯನಗಳಲ್ಲಿ ನಿಯಮ: ಅಬ್ಲೇಶನ್ ಆದ ಕೂಡಲಿನ, ಲೆಕ್ಕಕ್ಕೆ ಹಿಡಿಯದ ಬ್ಲಾಂಕಿಂಗ್ ಅವಧಿ ಮುಗಿದ ಮೇಲೆ 30 ಸೆಕೆಂಡ್ ಎಎಫ್ ಸಿಕ್ಕರೂ ಮರಳಿತು ಅಂತಲೇ ಲೆಕ್ಕ. ಆ ಅವಧಿ ಮೊದಲು ಮೂರು ತಿಂಗಳಿತ್ತು, 2024ರ ಅಂತರರಾಷ್ಟ್ರೀಯ ತಜ್ಞರ ಹೇಳಿಕೆಯಲ್ಲಿ ಎರಡು ತಿಂಗಳಿಗೆ ಇಳಿಸಿದರು. ಸುಟ್ಟ ಗಾಯದ ಉರಿಯೂತದಿಂದ ಆ ದಿನಗಳಲ್ಲಿ ಬರುವ ಎಎಫ್ ಎಷ್ಟೋ ಸಲ ತಾನಾಗಿಯೇ ಹೋಗುತ್ತದೆ, ಅದಕ್ಕೆ ಆ ವಿನಾಯಿತಿ.

2016ರ ಫೈರ್ ಆ್ಯಂಡ್ ಐಸ್ ಪ್ರಯೋಗದಲ್ಲಿ 762 ಜನ ಇದ್ದರು. ಬಿಸಿಯಾದರೂ ಚಳಿಯಾದರೂ ವರ್ಷದೊಳಗೆ ಸುಮಾರು ಮೂರರಲ್ಲಿ ಒಬ್ಬರಿಗೆ ಲಯ ಮತ್ತೆ ಕೆಟ್ಟಿತು, ಇಲ್ಲವೇ ಮಾತ್ರೆಯೋ ಮರು ಅಬ್ಲೇಶನ್ನೋ ಬೇಕಾಯಿತು. ಈಗ ಇದನ್ನು 2019ರ ಸರ್ಕಾ-ಡೋಸ್ ಜೊತೆ ಇಟ್ಟು ನೋಡಿ. ಕೆನಡಾದಲ್ಲಿ 346 ಜನರ ಚರ್ಮದ ಕೆಳಗೆ ಹಗಲೂ ರಾತ್ರಿ ಬಡಿತ ದಾಖಲಿಸುವ ಸಣ್ಣ ಯಂತ್ರ ಇಟ್ಟರು. ಆ ಯಂತ್ರದ ಕಣ್ಣಿಗೆ ವರ್ಷದಲ್ಲಿ ಪೂರ್ತಿ ಶುದ್ಧವಾಗಿ ಉಳಿದವರು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನ ಮಾತ್ರ. ಆದರೆ ಅದೇ ಯಂತ್ರ ಹೇಳಿದ್ದು, ಒಟ್ಟು ಎಎಫ್‌ನಲ್ಲಿ ಕಳೆಯುತ್ತಿದ್ದ ಹೊತ್ತು 98%ಗಿಂತ ಹೆಚ್ಚು ಇಳಿದಿದೆ ಅಂತ.

ಹಾಗಾಗಿ ಹುಡುಕುವ ಕಣ್ಣು ಬದಲಾದರೆ ಮರಳುವಿಕೆಯ ಪ್ರಮಾಣವೂ ಬದಲಾಗುತ್ತದೆ. ಆರು ತಿಂಗಳಿಗೊಂದು ಸಲ ಹೋಲ್ಟರ್ (ಮೈಗೆ ಅಂಟಿಸಿ ಕೆಲವು ದಿನ ಬಡಿತ ದಾಖಲಿಸುವ ಯಂತ್ರ) ಹಾಕಿ ನಡೆಸಿದ ಬಯೋಮಾರ್ಕರ್ ಅಧ್ಯಯನವನ್ನೂ ಚರ್ಮದ ಕೆಳಗಿನ ಯಂತ್ರ ಇಟ್ಟು ನಡೆಸಿದ್ದನ್ನೂ ಒಂದೇ ತಟ್ಟೆಯಲ್ಲಿಟ್ಟು ತೂಗಲಾಗದು. ವಾಟ್ಸಾಪ್ ಲೇಖನಗಳಲ್ಲಿ ಈ ಮಾತು ನಾನು ಇಲ್ಲಿಯವರೆಗೆ ಕಂಡಿಲ್ಲ.

ಏವನ್ ದಂಡೆ

ಇಂಗ್ಲೆಂಡಿನಿಂದ ಬರೆಯುತ್ತಿದ್ದೇನೆ, ಜೀವಶಾಸ್ತ್ರ ಸಂಶೋಧನೆಯಲ್ಲಿದ್ದೇನೆ, ಊರು ತೀರ್ಥಹಳ್ಳಿ ಕಡೆ. ಚರ್ಚೆ ಎಲ್ಲ ಹಳೇ ಗುರುತುಗಳ ಸುತ್ತಲೇ ಇದೆ. ಬಿಎಂಪಿ-10 ಅನ್ನುವ ಪ್ರೋಟೀನಿನ ಮಾತು ಯಾರೂ ಎತ್ತಲಿಲ್ಲವಲ್ಲ?

ಅದರ ಕಥೆ ಜೀನ್‌ನಿಂದ ಶುರು. 2007ರಲ್ಲಿ ಐಸ್‌ಲ್ಯಾಂಡಿನ ಡಿಕೋಡ್ ಸಂಸ್ಥೆಯವರು ನಾಲ್ಕನೇ ಕ್ರೋಮೋಸೋಮಿನ ಒಂದು ಜಾಗದಲ್ಲಿ ಎಎಫ್‌ಗೆ ಅಂಟಿದ ವ್ಯತ್ಯಾಸ ಕಂಡುಹಿಡಿದರು. ಆ ಜಾಗಕ್ಕೆ ಹತ್ತಿರದ ಜೀನ್ ಪಿಟ್‌ಎಕ್ಸ್-2. ಭ್ರೂಣದಲ್ಲಿ ಎಡ ಬಲ ತೀರ್ಮಾನಿಸುವ ಜೀನ್ ಅದು, ದೊಡ್ಡವರಲ್ಲೂ ಎಡ ಮೇಲ್ಕೋಣೆಯಲ್ಲಿ ಕೆಲಸ ಮಾಡುತ್ತಿರುತ್ತದೆ. ಬಿಎಂಪಿ-10 ಅನ್ನು ಅದು ಅದುಮಿಟ್ಟುಕೊಂಡಿರುತ್ತದೆ. ಪಿಟ್‌ಎಕ್ಸ್-2 ಕುಗ್ಗಿದರೆ ಬಿಎಂಪಿ-10 ಹೊರಗೆ ಸುರಿಯುತ್ತದೆ, ರಕ್ತದಲ್ಲಿ ಸಿಗುತ್ತದೆ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ತಂಡ 2020ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಅಬ್ಲೇಶನ್‌ಗೆ ಬಂದವರ ರಕ್ತದಲ್ಲಿ ಹಲವು ಗುರುತುಗಳನ್ನು ಅಳೆದಾಗ, ಎಎಫ್ ಮರಳುವುದರ ಜೊತೆ ಗಟ್ಟಿಯಾಗಿ ಹೊಂದಿಕೊಂಡದ್ದು ಇದು.

ಮಂಗಳೂರಿನವರು ಕೇಳಿದ ‘ಯಾವ ಅಂಗದ್ದು’ ಪ್ರಶ್ನೆಗೆ ಇಲ್ಲಿ ಉತ್ತರ ಇದೆ. ದೊಡ್ಡವರಲ್ಲಿ ಬಿಎಂಪಿ-10 ಬರುವುದು ಬಹುಮಟ್ಟಿಗೆ ಹೃದಯದ ಮೇಲ್ಕೋಣೆಗಳಿಂದಲೇ. ಹಲ್ಲು ನೋವಿಗೆ ಏರುವ ಜಾತಿ ಅಲ್ಲ. ಒಟ್ಟಿನಲ್ಲಿ ಇಡೀ ಕ್ಷೇತ್ರವನ್ನೇ ‘ಭವಿಷ್ಯ ಕೇಳೂದು’ ಅಂತ ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ.

ಕಡಲ ಬದಿ ಲ್ಯಾಬು

ಒಪ್ಪಿದೆ, ಚಂದ ಉಂಟು ವಿಷಯ. ಆದ್ರೆ ನಮ್ಮ ಊರಿನ ಪ್ಯಾಕೇಜಿನಲ್ಲಿ ಇಲ್ಲದ್ದು ಅದೊಂದೇ!

ಕ್ಯಾಥ್‌ಲ್ಯಾಬ್ ಕಿಟಕಿ

ಏವನ್ ದಂಡೆಯವರೇ, ತಳ್ಳಿಹಾಕುತ್ತಿಲ್ಲ. ನಾಳಗಳ ಸುತ್ತಲಿನ ಗೆರೆ ಹಾಕುವ ತಂತ್ರ ಸುಧಾರಿಸುತ್ತಾ ಹೋದಂತೆ ಏಡಿ ಬಿಲದಿಂದ ಮರಳುವ ಪಾಲು ಕಡಿಮೆಯಾಗುತ್ತದೆ. ಉಳಿಯುವುದು ಕೋಣೆಯ ಕಾಯಿಲೆ. ಆಗ ಕೋಣೆಯನ್ನು ಓದುವ ಗುರುತುಗಳ ಬೆಲೆ ಈಗಿನದಕ್ಕಿಂತ ಏರಬೇಕು, ತರ್ಕ ಹಾಗೇ ಹೇಳುತ್ತದೆ.

ಆದರೆ ನಾನು ಯಾವ ಪರೀಕ್ಷೆ ಬರೆಯುವ ಮೊದಲೂ ಒಂದು ಪ್ರಶ್ನೆ ಹಾಕಿಕೊಳ್ಳುತ್ತೇನೆ: ಸಂಖ್ಯೆ ಹೆಚ್ಚು ಬಂದರೆ ಏನು ಮಾಡುತ್ತೇನೆ, ಕಡಿಮೆ ಬಂದರೆ ಏನು ಮಾಡುತ್ತೇನೆ? ಎರಡಕ್ಕೂ ಒಂದೇ ಉತ್ತರವಾದರೆ ರಕ್ತ ತೆಗೆಯುವುದು ಯಾಕೆ? ಅಬ್ಲೇಶನ್‌ಗೆ ಮೊದಲಾದರೆ ಈ ಪ್ರಶ್ನೆಗೆ ಅಷ್ಟಿಷ್ಟು ಉತ್ತರ ಇದೆ. ಎನ್‌ಟಿ-ಪ್ರೊಬಿಎನ್‌ಪಿ ತೀರಾ ಹೆಚ್ಚಿದ್ದು, ಎಡ ಮೇಲ್ಕೋಣೆ ದೊಡ್ಡದಿದ್ದು, ಎಎಫ್ ಬಿಡದೆ ಕೂತಿದ್ದರೆ, ‘ಒಂದೇ ಸಲಕ್ಕೆ ಮುಗಿಯದೇ ಇರಬಹುದು’ ಅಂತ ಮನೆಯವರಿಗೆ ಮುಂಚೆಯೇ ಹೇಳುತ್ತೇನೆ. ಅಬ್ಲೇಶನ್ ಆಗಿ, ಲಯ ಸರಿಯಾಗಿ, ಮನೆಯಲ್ಲಿ ಕೂತವರಿಗೆ ಆ ಸಂಖ್ಯೆ ಏನು ಬದಲಿಸುತ್ತದೆ?

ಇನ್ನು, ರಕ್ತಕ್ಕಿಂತ ಅಗ್ಗದ ಗುರುತುಗಳು ಆಗಲೇ ಫೈಲಿನಲ್ಲಿವೆ. ಆ್ಯಪಲ್ ಸ್ಕೋರ್ ಅಂತ ಒಂದಿದೆ: ವಯಸ್ಸು 65 ದಾಟಿದೆಯೇ, ಎಎಫ್ ಬಿಡದೆ ಇತ್ತೇ, ಕಿಡ್ನಿಯ ಸೋಸುವ ಪ್ರಮಾಣ 60ಕ್ಕಿಂತ ಕೆಳಗಿದೆಯೇ, ಎಡ ಮೇಲ್ಕೋಣೆಯ ಅಡ್ಡಳತೆ 43 ಮಿಲಿಮೀಟರ್ ಅಥವಾ ಹೆಚ್ಚಿದೆಯೇ, ಹೃದಯದ ಪಂಪಿಂಗ್ 50%ಗಿಂತ ಕಡಿಮೆಯೇ. ಒಂದೊಂದಕ್ಕೆ ಒಂದು ಅಂಕ. ಇದೂ ದೇವರ ವಾಕ್ಯವಲ್ಲ, ರಾಯರು ಹೇಳಿದ 70ರ ಆಸುಪಾಸಿಗೆ ಬಂದರೆ ಪುಣ್ಯ. ಆದರೆ ಪುಕ್ಕಟೆ.

ಶುಂಠಿ ಕಷಾಯ

ಉರಿಯೂತವೇ ಕಾರಣ ಅಂದಮೇಲೆ ಸಿಆರ್‌ಪಿ ನೋಡಿ, ಜಾಸ್ತಿ ಇದ್ದರೆ ಅದನ್ನೇ ಇಳಿಸಿದರೆ ಆಯಿತಲ್ಲ? ಅರಿಶಿನ ಇದೆ, ಇಂಗ್ಲಿಷ್ ಔಷಧಿಯೇ ಬೇಕು ಅಂದರೆ ಕಾಲ್ಚಿಸಿನ್ ಇದೆ. ಗೌಟ್‌ಗೆ ಕೊಡುವುದೇ ಅದು, ಅಗ್ಗ ಕೂಡ.

ಕ್ಯಾಥ್‌ಲ್ಯಾಬ್ ಕಿಟಕಿ

ಕಾಲ್ಚಿಸಿನ್ ನೋಡಿದ್ದಾರೆ. 2012ರಲ್ಲಿ ಗ್ರೀಸಿನ ಪ್ರಯೋಗವೊಂದರಲ್ಲಿ ಅಬ್ಲೇಶನ್ ಆದ ಮೇಲೆ ಮೂರು ತಿಂಗಳು ಕೊಟ್ಟಾಗ ಆ ಅವಧಿಯಲ್ಲಿ ಎಎಫ್ ಮರಳಿದ್ದು 16% ಜನಕ್ಕೆ, ಕೊಡದವರಲ್ಲಿ 33.5%. ಆಸೆ ಹುಟ್ಟಿಸುವ ಫಲಿತಾಂಶ. ಆಮೇಲೆ ಕೆನಡಾದಲ್ಲಿ ಹತ್ತು ದಿನ ಮಾತ್ರ ಕೊಟ್ಟು ನೋಡಿದರು. ಎಎಫ್ ಕಡಿಮೆಯಾಗಲಿಲ್ಲ, ಭೇದಿ ಜಾಸ್ತಿಯಾಯಿತು. ಅವಧಿ ಬೇರೆ ಇದ್ದದ್ದರಿಂದ ಎರಡನ್ನೂ ಮುಖಾಮುಖಿ ನಿಲ್ಲಿಸಲಾಗದು, ಆದರೂ ಎಲ್ಲರಿಗೂ ಬರೆದುಕೊಡುವ ಮದ್ದು ಇದಲ್ಲ. ಕಿಡ್ನಿ ಸರಿಯಿಲ್ಲದವರಿಗೆ, ಕೆಲವು ಬೇರೆ ಮಾತ್ರೆ ನುಂಗುವವರಿಗೆ ಕಾಲ್ಚಿಸಿನ್ ಅಪಾಯ. ದಯವಿಟ್ಟು ಸ್ವಂತ ಬುದ್ಧಿಯಿಂದ ಶುರು ಮಾಡಬೇಡಿ.

ಅರಿಶಿನವನ್ನು ಸಾರಿಗೆ ಹಾಕಿಕೊಳ್ಳಿ, ಬೇಡ ಅನ್ನುವುದಿಲ್ಲ. ಸಾಂದ್ರ ಕರ್ಕ್ಯುಮಿನ್ ಮಾತ್ರೆಯನ್ನು ರಕ್ತ ತೆಳುಮಾಡುವ ಔಷಧದ ಜೊತೆ ಸೇರಿಸುವ ಮುಂಚೆ ವೈದ್ಯರನ್ನು ಕೇಳಿ.

ಗುರುತು ಕಂಡ ಕೂಡಲೇ ಅದನ್ನೇ ಹೊಡೆದರೆ ಕಾಯಿಲೆ ಹೋಗುತ್ತದೆ ಅನ್ನುವ ನಂಬಿಕೆಗೆ ಸರಿಯಾದ ಪೆಟ್ಟು ಬಿದ್ದದ್ದು ರಕ್ತದಲ್ಲಲ್ಲ, ಎಂಆರ್‌ಐಯಲ್ಲಿ. 2014ರ ಡೆಕಾಫ್ ಅಧ್ಯಯನದಲ್ಲಿ ಮೇಲ್ಕೋಣೆಯ ನಾರನ್ನು ಎಂಆರ್‌ಐಯಲ್ಲಿ ಅಳೆದರು. ನಾರು ತೀರಾ ಕಡಿಮೆ ಇದ್ದವರಲ್ಲಿ ಸುಮಾರು ವರ್ಷದೊಳಗೆ 15% ಜನಕ್ಕೆ ಮರಳಿತ್ತು, ತೀರಾ ಹೆಚ್ಚಿದ್ದವರಲ್ಲಿ 51%. ಇಷ್ಟು ಚೆನ್ನಾಗಿ ಮೆಟ್ಟಿಲು ಮೆಟ್ಟಿಲಾಗಿ ಏರಿದ ಗುರುತು ಅಪರೂಪ. ಸರಿ, ಆ ನಾರನ್ನೇ ಗುರಿಯಿಟ್ಟು ಸುಟ್ಟರೆ? 2022ರಲ್ಲಿ ಬಂದ ಡೆಕಾಫ್-2 ಅದನ್ನೇ ಮಾಡಿತು, 843 ಜನರಲ್ಲಿ. ಬರೀ ನಾಳಗಳನ್ನು ಬೇರ್ಪಡಿಸಿದ್ದಕ್ಕಿಂತ ಒಳ್ಳೆಯದೇನೂ ಆಗಲಿಲ್ಲ, ತೊಂದರೆಗಳು ಮಾತ್ರ ಹೆಚ್ಚಿದವು.

ಸರಾಸರಿ ರಾಯ

ಡೆಕಾಫ್-2 ಗೊತ್ತಿರಲಿಲ್ಲ. ಒಳ್ಳೆಯ ಉದಾಹರಣೆ, ತರಗತಿಯಲ್ಲಿ ಬಳಸಿಕೊಳ್ಳುತ್ತೇನೆ.

ಮಲಪ್ರಭಾ

ನಡುವೆ ಬಾಯಿ ಹಾಕ್ತೀನಿ, ಕ್ಷಮಿಸಿ. ನಮ್ಮ ಅತ್ತಿಗೆಗೆ 41 ವಯಸ್ಸು. ಸಣ್ಣವರಿದ್ದಾಗ ಕೀಲು ಜ್ವರ ಬಂದು ಮೈಟ್ರಲ್ ವಾಲ್ವ್ ಕಿರಿದಾಗಿದೆ, ಬಲೂನ್ ಹಾಕಿ ಅಗಲ ಮಾಡಿಸಿದ್ದೇವೆ. ಅವರಿಗೂ ಎಎಫ್ ಇದೆ. ಇಲ್ಲಿ ಹೇಳುತ್ತಿರುವ ಬಯೋಮಾರ್ಕರ್, ಸ್ಕೋರ್ ಎಲ್ಲ ಅವರಿಗೂ ಅನ್ವಯವಾ?

ಕ್ಯಾಥ್‌ಲ್ಯಾಬ್ ಕಿಟಕಿ

ಸಂಕೋಚ ಬೇಡ, ನಮ್ಮ ದೇಶದ ಮಟ್ಟಿಗೆ ಇದು ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ಉತ್ತರ: ಅನ್ವಯವಾಗುತ್ತವೆ ಅಂತ ಹಿಡಿಯಬೇಡಿ.

ಇಲ್ಲಿ ನಾನು ಹೆಸರಿಸಿದ ಪ್ರಯೋಗಗಳು ಯುರೋಪು, ಉತ್ತರ ಅಮೆರಿಕದಂಥ ಕಡೆಯವು. ಅಬ್ಲೇಶನ್ ಪ್ರಯೋಗಗಳಿಗೆ ವಾಲ್ವ್ ಗಣನೀಯವಾಗಿ ಕಿರಿದಾದವರನ್ನು ಸಾಮಾನ್ಯವಾಗಿ ಸೇರಿಸುವುದಿಲ್ಲ. ಭಾರತೀಯ ಹಾರ್ಟ್ ರಿದಮ್ ಸೊಸೈಟಿಯ ಎಎಫ್ ನೋಂದಣಿಯಲ್ಲಿ 1,537 ರೋಗಿಗಳ ಸರಾಸರಿ ವಯಸ್ಸು 55ರ ಒಳಗೇ ಇತ್ತು, ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಕೀಲು ಜ್ವರದಿಂದ ಬಂದ ವಾಲ್ವ್ ಕಾಯಿಲೆ ಇತ್ತು. ಅಂದರೆ ನಮ್ಮಲ್ಲಿ ಎಎಫ್ ಅಂದಾಗ ಬರುವ ರೋಗಿಯೇ ಬೇರೆ. ವಾಲ್ವ್ ಕಿರಿದಾದಾಗ ಮೇಲ್ಕೋಣೆಯ ಒತ್ತಡ ಯಾವಾಗಲೂ ಹೆಚ್ಚು, ಬಿಎನ್‌ಪಿ ಏರುವುದಕ್ಕೆ ಅದೊಂದೇ ಸಾಕು.

ಅತ್ತಿಗೆಯ ವಿಷಯದಲ್ಲಿ ಮರಳುತ್ತದೋ ಇಲ್ಲವೋ ಅನ್ನುವುದಕ್ಕಿಂತ ದೊಡ್ಡದು ಸ್ಟ್ರೋಕ್ ತಡೆಯುವುದು. 2022ರ ಇನ್‌ವಿಕ್ಟಸ್ ಪ್ರಯೋಗದಲ್ಲಿ ಕೀಲು ಜ್ವರದ ವಾಲ್ವ್ ಕಾಯಿಲೆ ಇದ್ದ ಸುಮಾರು 4,500 ಎಎಫ್ ರೋಗಿಗಳಲ್ಲಿ ರಕ್ತ ತೆಳುಮಾಡುವ ಹೊಸ ಮಾತ್ರೆ ರಿವರಾಕ್ಸಬಾನ್‌ಗಿಂತ ವಾರ್ಫರಿನ್ ಜಾತಿಯ ಹಳೇ ಔಷಧವೇ ಮೇಲಾಯಿತು, ಸಾವೂ ಕಡಿಮೆ. ಅವರು ಅಸಿಟ್ರಾಂ ಅಥವಾ ವಾರ್ಫರಿನ್ ನುಂಗುತ್ತಿದ್ದರೆ, ರಕ್ತ ಎಷ್ಟು ತೆಳುವಾಗಿದೆ ಅಂತ ನೋಡುವ ಐಎನ್‌ಆರ್ ಪರೀಕ್ಷೆ ತಪ್ಪಿಸಬೇಡಿ. ಬಯೋಮಾರ್ಕರ್ ಪ್ಯಾಕೇಜಿನ ದುಡ್ಡಿಗೆ ಎಷ್ಟು ಐಎನ್‌ಆರ್ ಆಗುತ್ತದೆ ಲೆಕ್ಕ ಹಾಕಿ.

ಮಲಪ್ರಭಾ

ಅಸಿಟ್ರಾಂ ನುಂಗುತ್ತಾರೆ. ಐಎನ್‌ಆರ್ ಮಾಡಿಸಿ ಬಹಳ ದಿನ ಆಯಿತು. ನಾಳೆಯೇ ಕರೆದುಕೊಂಡು ಹೋಗುತ್ತೇನೆ.

ಕೊಂಡಜ್ಜಿ ಕೆರೆ

ಎಲ್ಲವನ್ನೂ ಎರಡೆರಡು ಸಲ ಓದಿದೆ. ಮಂಗಳೂರಿನವರು ಹೇಳಿದಂತೆ ಹಳೇ ಇಸಿಜಿ ಹುಡುಕಿದೆ. 640 ಬಂದ ದಿನ ಅಮ್ಮ ಎಎಫ್‌ನಲ್ಲೇ ಇದ್ದರು, ಬಡಿತ 130ರ ಮೇಲೆ. ಎಕೋದಲ್ಲಿ ಎಡ ಮೇಲ್ಕೋಣೆ 38 ಮಿಲಿಮೀಟರ್ ಅಂತಿದೆ. ಕಿಡ್ನಿ ಸರಿಯಿದೆ.

ಹಾಗಾದರೆ ನಾವು ಮಾಡಬೇಕಾದದ್ದು ಏನೂ ಇಲ್ಲವಾ? ಸುಮ್ಮನೆ ಕಾಯುವುದಾ?

ಏವನ್ ದಂಡೆ

ಇದ್ದೇ ಇದೆ. ಆಸ್ಟ್ರೇಲಿಯಾದ ಅಡಿಲೇಡ್‌ನವರ 2014ರ ಅರೆಸ್ಟ್-ಎಎಫ್ ನೋಡಿ. ಅಬ್ಲೇಶನ್ ಆದವರಲ್ಲಿ ತೂಕ, ಬಿಪಿ, ಸಕ್ಕರೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಕುಡಿತ, ಸಿಗರೇಟು ಎಲ್ಲವನ್ನೂ ಹಟ ಹಿಡಿದು ಸರಿಪಡಿಸಿದ ಗುಂಪಿನಲ್ಲಿ, ಬೇಕಾದವರಿಗೆ ಮರು ಅಬ್ಲೇಶನ್ ಸೇರಿಸಿ, 87% ಜನ ಎಎಫ್‌ನಿಂದ ದೂರ ಉಳಿದರು. ಇನ್ನೊಂದು ಗುಂಪಿನಲ್ಲಿ ಸುಮಾರು 18%.

ಸರಾಸರಿ ರಾಯ

ಅದು ಚೀಟಿ ಎತ್ತಿ ಹಂಚಿದ ಪ್ರಯೋಗ ಅಲ್ಲ ಅಂತಲೂ ಹೇಳಿ. ಯಾರು ಬೇಕು ಅಂದರೋ ಅವರು ಸೇರಿದ್ದು, ಒಟ್ಟು 149 ಜನ. ಹಟ ಇರುವವರೇ ಅತ್ತ ಹೋಗಿರುತ್ತಾರೆ. ವ್ಯತ್ಯಾಸದಲ್ಲಿ ಎಷ್ಟು ಪಾಲು ಚಿಕಿತ್ಸೆಯದು, ಎಷ್ಟು ಆ ಹಟದ್ದು?

ಏವನ್ ದಂಡೆ

ಹೌದು. ಆದರೆ ಕುಡಿತದ ವಿಷಯದಲ್ಲಿ ಚೀಟಿ ಎತ್ತಿದ್ದೂ ಇದೆ. 2020ರಲ್ಲಿ, ಅದೂ ಆಸ್ಟ್ರೇಲಿಯಾದ್ದೇ, 140 ಜನ. ಬಿಟ್ಟವರಲ್ಲಿ 53% ಜನಕ್ಕೆ ಎಎಫ್ ಮರಳಿತು, ಮುಂದುವರಿಸಿದವರಲ್ಲಿ 73%.

ಕೊಂಡಜ್ಜಿ ಕೆರೆ

ಅಮ್ಮ ಕುಡಿಯುವುದು ಕಾಫಿ ಮಾತ್ರ! ಆದರೆ ಗೊರಕೆ ಇದೆ. ಪಕ್ಕದ ರೂಮಿಗೆ ಕೇಳುತ್ತದೆ. ನಡುವೆ ಸದ್ದು ನಿಂತು ಆಮೇಲೆ ಜೋರಾಗಿ ಉಸಿರೆಳೆಯುತ್ತಾರೆ ಅಂತ ಅಪ್ಪ ಎಷ್ಟೋ ವರ್ಷದಿಂದ ಹೇಳುತ್ತಿದ್ದಾರೆ. ನಾವು ನಗುತ್ತಿದ್ದೆವು.

ಕ್ಯಾಥ್‌ಲ್ಯಾಬ್ ಕಿಟಕಿ

ಇದನ್ನು ಮೊದಲ ಪೋಸ್ಟಿನಲ್ಲೇ ಬರೆದಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ! ನಿದ್ರೆಯ ಪರೀಕ್ಷೆ ಬೇಕೇ ಅಂತ ನಿಮ್ಮ ವೈದ್ಯರನ್ನು ಕೇಳಿ. ಈಗ ಮನೆಯಲ್ಲೇ ಮಾಡುವ ಯಂತ್ರಗಳೂ ಇವೆ. ಉಸಿರು ಕಟ್ಟಿದಾಗೆಲ್ಲ ಮೇಲ್ಕೋಣೆಯ ತೆಳು ಗೋಡೆ ಎಳೆತಕ್ಕೆ ಸಿಕ್ಕುತ್ತದೆ, ಆಮ್ಲಜನಕ ಇಳಿಯುತ್ತದೆ, ಬಿಪಿ ಏರುತ್ತದೆ, ರಾತ್ರಿಯಿಡೀ. ಈ ಕಾಯಿಲೆ ಇದ್ದವರಲ್ಲಿ ಅಬ್ಲೇಶನ್ ಆದ ಮೇಲೆ ಎಎಫ್ ಮರಳುವುದು ಹೆಚ್ಚು.

ಗದಗಿನ ಗಾಳಿ

ಅದರ ಜೋಡಿ ಬಡಿತ ಹಿಡಿಯೂ ವಾಚ್ ಒಂದು ಕೊಡಸ್ರಿ. ನನಗ ಮತ್ತ ಬಂದದ್ದು ಗೊತ್ತಾಗಿದ್ದು ಅದರಿಂದನ. ಆಸ್ಪತ್ರಿಗೆ ಹೋದಾಗೆಲ್ಲ ಇಸಿಜಿ ಚಲೋನ ಬರ್ತಿತ್ತು.

ಕಡಲ ಬದಿ ಲ್ಯಾಬು

ವಾಚ್ ಇಪ್ಪತ್ತು ಸಲ ನೋಡಿ ಇಪ್ಪತ್ತು ಸಲ ಹೆದರುವವರಿಗೆ ಮಾತ್ರ ಬೇಡ. ಎನ್‌ಟಿ-ಪ್ರೊಬಿಎನ್‌ಪಿ ಪೂರಾ ದಂಡ ಅಂತ ಮಾತ್ರ ನಾನು ಹೇಳುವುದಿಲ್ಲ. ಮುಂದೆ ಏದುಸಿರು, ಕಾಲು ಬಾವು ಬಂದ್ರೆ ಹೋಲಿಸಲಿಕ್ಕೆ ಲಯ ಸರಿ ಇರುವಾಗಿನ ಒಂದು ಸಂಖ್ಯೆ ಫೈಲಿನಲ್ಲಿ ಇದ್ರೆ ಒಳ್ಳೆಯದು. ಅದೊಂದೇ ಸಾಕು, ಪ್ಯಾಕೇಜ್ ಬೇಡ.

ಕ್ಯಾಥ್‌ಲ್ಯಾಬ್ ಕಿಟಕಿ

ಲಕ್ಷಣ ಇಲ್ಲದವರಿಗೆ ನಾನು ಅದನ್ನೂ ಬರೆಯುವುದಿಲ್ಲ. ಇದರಲ್ಲಿ ನಮ್ಮಿಬ್ಬರಿಗೂ ಒಮ್ಮತ ಇಲ್ಲ, ಇರಲಿ.

ಕೊಂಡಜ್ಜಿ ಕೆರೆ

ವೈದ್ಯರನ್ನು ಭೇಟಿಯಾಗಿ ಬಂದೆವು. ಪ್ಯಾಕೇಜ್ ಬೇಡ ಅಂದರು. ಏಳು ದಿನದ ಹೋಲ್ಟರ್ ಹಾಕಿದ್ದಾರೆ, ನಿದ್ರೆಯ ಪರೀಕ್ಷೆಗೆ ಬರೆದುಕೊಟ್ಟಿದ್ದಾರೆ. ಅಣ್ಣನಿಗೆ ಇಲ್ಲಿಯ ಮಾತುಕತೆ ಕಳಿಸಿದೆ. ಅವನು ಈಗ ಹೊಸದು ಹಿಡಿದಿದ್ದಾನೆ: ಹೋಲ್ಟರ್ ಶುದ್ಧ ಬಂದರೆ ರಕ್ತ ತೆಳುಮಾಡುವ ಮಾತ್ರೆ ನಿಲ್ಲಿಸಬಹುದಲ್ಲ, ಅಂತ. ಅಮ್ಮನಿಗೆ ಬಿಪಿ ಇದೆ, ಸಕ್ಕರೆ ಇದೆ. ಮಾತ್ರೆಯಿಂದ ಒಸಡಿನಲ್ಲಿ ಸ್ವಲ್ಪ ರಕ್ತ ಬರುತ್ತದೆ ಅಂತ ಅವರಿಗೂ ಬಿಡುವ ಮನಸ್ಸು.

ಕ್ಯಾಥ್‌ಲ್ಯಾಬ್ ಕಿಟಕಿ

ನೀವೇ ನಿಲ್ಲಿಸಬೇಡಿ. ಅಬ್ಲೇಶನ್ ಆದ ಮೊದಲ ಎರಡು ಮೂರು ತಿಂಗಳು ಎಲ್ಲರಿಗೂ ಆ ಮಾತ್ರೆ ಬೇಕು. ಅದಾದ ಮೇಲೆ ಮುಂದುವರಿಸುವುದು ವಯಸ್ಸು, ಬಿಪಿ, ಸಕ್ಕರೆ, ಹಿಂದಿನ ಸ್ಟ್ರೋಕ್ ಇಂಥವುಗಳ ಲೆಕ್ಕದ ಮೇಲೆ, ಲಯ ಸರಿಯಿದೆಯೋ ಇಲ್ಲವೋ ಅನ್ನುವುದರ ಮೇಲಲ್ಲ. ಮಾರ್ಗಸೂಚಿಗಳು ಇವತ್ತಿಗೂ ಹಾಗೇ ಹೇಳುತ್ತವೆ. 2025ರಲ್ಲಿ ಎರಡು ಪ್ರಯೋಗಗಳು ಬಂದಿವೆ, ಕೊರಿಯಾದ್ದೊಂದು, ಕೆನಡಾದವರು ಮುನ್ನಡೆಸಿದ್ದೊಂದು. ವರ್ಷಕ್ಕೂ ಮೇಲೆ ಎಎಫ್ ಇಲ್ಲದೆ ಉಳಿದವರನ್ನು ನೋಡಿದ ಪ್ರಯೋಗಗಳು ಅವು. ಕೊರಿಯಾದಲ್ಲಿ ಮಾತ್ರೆ ನಿಲ್ಲಿಸಿದವರಿಗೆ ಒಟ್ಟಾರೆ ತೊಂದರೆ ಕಡಿಮೆಯಾಯಿತು. ಇನ್ನೊಂದರಲ್ಲಿ ಮಾತ್ರೆಯ ಬದಲು ಆಸ್ಪಿರಿನ್ ತೆಗೆದುಕೊಂಡವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಈ ಚರ್ಚೆ ಇನ್ನೂ ನಡೆಯುತ್ತಿದೆ. ಆದರೆ ನಿಮ್ಮ ತಾಯಿಗೆ ಅಬ್ಲೇಶನ್ ಆಗಿ ಒಂದು ವರ್ಷವೇ ಆಗಿಲ್ಲ, ಬಿಪಿಯೂ ಸಕ್ಕರೆಯೂ ಇದೆ. ಏಳು ದಿನದ ಹೋಲ್ಟರ್ ಆ ಏಳು ದಿನದ್ದನ್ನು ಹೇಳುತ್ತದೆ ಅಷ್ಟೇ. ಒಸಡಿನ ರಕ್ತಕ್ಕೆ ಹಲ್ಲಿನ ವೈದ್ಯರಲ್ಲಿ ತೋರಿಸಿ, ಮಾತ್ರೆಯ ಹೆಸರನ್ನು ಅವರಿಗೂ ತಿಳಿಸಿ, ಮೃದುವಾದ ಬ್ರಷ್ ಬಳಸಲಿ. ಡೋಸ್ ಸರಿಯಿದೆಯೇ ಅಂತ ಮುಂದಿನ ಭೇಟಿಯಲ್ಲಿ ತೂಕ, ಕ್ರಿಯಾಟಿನಿನ್ ಎರಡನ್ನೂ ಇಟ್ಟುಕೊಂಡು ಕೇಳಿ.